ಕಲ್ಲು ಸೇತುವೆಗೂ ಕಲಾಯಿ ಬೇಕು

"ಪಕ್ಕದಲ್ಲೇ ಹೊಸ ಸೇತುವೆ ಇದೆಯಲ್ಲ, ಇನ್ನು ಆ ಹಳೇದು ಯಾಕೆ?" ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಬಿಳಿಕೆರೆಯಿಂದ ಮೈಸೂರಿಗೆ ಹೋಗುವ ಬಸ್ಸಿನಲ್ಲಿ ಕೇಳಿದ್ದೇನೆ, ಮದುವೆಮನೆಯ ಪಂಕ್ತಿಯಲ್ಲಿ ಕೇಳಿದ್ದೇನೆ, ಸ್ವಲ್ಪ ಓದಿಕೊಂಡವರ ಬಾಯಲ್ಲೂ ಕೇಳಿದ್ದೇನೆ. ಹೇಳುವವರು ಸಾಮಾನ್ಯವಾಗಿ ಸೇತುವೆಯನ್ನು ನಡೆದು ದಾಟಿದವರಲ್ಲ. ಕಾರಿನಲ್ಲೋ ಬಸ್ಸಿನಲ್ಲೋ ಕೂತು ಅರೆ ನಿಮಿಷದಲ್ಲಿ ನದಿಯನ್ನು ಹಿಂದೆ ಹಾಕಿದವರು. ಅವರಿಗೆ ಸೇತುವೆ ಎಂದರೆ ರಸ್ತೆಯ ಒಂದು ತುಂಡು, ಅಷ್ಟೆ.

ನಮ್ಮದು ನದಿಗಳ ಸೀಮೆ. ಹುಣಸೂರಿಗೆ ಲಕ್ಷ್ಮಣತೀರ್ಥ, ಕೃಷ್ಣರಾಜನಗರಕ್ಕೆ ಕಾವೇರಿ, ಕೋಟೆಗೆ ಕಬಿನಿ. ತವರಿಗೆ ಹೋಗಬೇಕಾದರೂ ಒಂದು ಹೊಳೆ, ಗಂಡನ ಮನೆಗೆ ಮರಳಬೇಕಾದರೂ ಅದೇ ಹೊಳೆ. ಹಿರಿಯರು ಯಾರಾದರೂ ತೀರಿಕೊಂಡರೆ ಅಸ್ಥಿ ಹಿಡಿದು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೋಗಬೇಕು. ಹಾಗೆ ಹೋದಾಗಲೆಲ್ಲ ಪೂರ್ಣಯ್ಯನವರ ಸೇತುವೆಯ ಹತ್ತಿರ ಒಂದಿಷ್ಟು ಹೊತ್ತು ನಿಂತು ಬರುವುದು ನನ್ನ ಅಭ್ಯಾಸ. ಕಾಗದಪತ್ರದಲ್ಲಿ ಅದರ ಹೆಸರು ವೆಲ್ಲೆಸ್ಲಿ ಸೇತುವೆ. ಕಟ್ಟಿ ಮುಗಿದದ್ದು 1804ರಲ್ಲಿ. ಟಿಪ್ಪು ಮಡಿದದ್ದು 1799ರ ಮೇ 4ರಂದು. ಅಂದರೆ ಲೂಟಿಯಾದ ಪಟ್ಟಣ ಐದೇ ವರ್ಷದಲ್ಲಿ ಇಂಥದೊಂದು ಸೇತುವೆ ಕಟ್ಟಿಕೊಂಡಿತು. ಸಿಂಹಾಸನದ ಮೇಲಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಆಗ ಹತ್ತು ವರ್ಷ. ಆಡಳಿತ ನಡೆಸುತ್ತಿದ್ದವರು ದಿವಾನ್ ಪೂರ್ಣಯ್ಯ. ಟಿಪ್ಪುವಿನ ಕಾಲದಲ್ಲೂ ಲೆಕ್ಕ ನೋಡಿದವರು, ಟಿಪ್ಪು ಹೋದ ಮೇಲೂ ಲೆಕ್ಕ ನೋಡಿದವರು.

ಹೆಸರಿನ ವಿಷಯದಲ್ಲಿ ಒಂದು ಗೊಂದಲವಿದೆ, ಹೇಳಿಬಿಡುತ್ತೇನೆ. ಮುತ್ತಿಗೆಯ ಸೈನ್ಯದಲ್ಲಿದ್ದು, ಮುಂದೆ 1815ರಲ್ಲಿ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ತಮ್ಮ, ಆರ್ಥರ್ ವೆಲ್ಲೆಸ್ಲಿ. ಸೇತುವೆಗೆ ಹೆಸರು ಬಂದದ್ದು ಅಣ್ಣನಿಂದ. ಆಗ ಗವರ್ನರ್ ಜನರಲ್ ಆಗಿದ್ದ ರಿಚರ್ಡ್ ವೆಲ್ಲೆಸ್ಲಿಯಿಂದ. ಸೋತವರ ಕಲ್ಲು, ಸೋತವರ ಬೆವರು, ಗೆದ್ದವನ ಹೆಸರು. ನಾಳೆ ಯಾರಾದರೂ ಎದ್ದು ಹೆಸರು ಬದಲಿಸಿ ಎಂದು ಕೂಗಿದರೆ ನನಗೇನೂ ಆಶ್ಚರ್ಯವಿಲ್ಲ. ಬದಲಿಸಿಕೊಳ್ಳಲಿ. ಆದರೆ ಹೆಸರಿನ ಫಲಕಕ್ಕೆ ಮಾಡುವ ಖರ್ಚಿನ ಕಾಲುಭಾಗವನ್ನು ಕಂಬದ ಬುಡಕ್ಕೆ ಮಾಡಿ ಎಂದು ಕೇಳುವವರು ಯಾರು? ಅಂದ ಹಾಗೆ ದಿವಾನರ ಹೆಸರಾದರೂ ಚರಿತ್ರೆಯಲ್ಲಿ ಉಳಿಯಿತು. ಕಲ್ಲು ಹೊತ್ತವರ, ಗಾರೆ ಅರೆದವರ, ಮಗುವನ್ನು ಮರದ ನೆರಳಿಗೆ ಮಲಗಿಸಿ ಮಂಕರಿ ಎತ್ತಿದವರ ಹೆಸರು ಎಲ್ಲೂ ಇಲ್ಲ.

ಈ ಸೇತುವೆಯನ್ನು ಕಟ್ಟಿರುವ ರೀತಿಯನ್ನು ಒಮ್ಮೆ ನಿಂತು ನೋಡಬೇಕು. ಕಮಾನಿಲ್ಲ, ಕಬ್ಬಿಣವಿಲ್ಲ. ಸಾಲುಸಾಲಾಗಿ ಕಲ್ಲಿನ ಕಂಬಗಳು, ಕಂಬದ ತಲೆಯ ಮೇಲೆ ಬೋದಿಗೆ, ಅದರ ಮೇಲೆ ಕಲ್ಲಿನ ತೊಲೆ. ನಮ್ಮ ದೇವಸ್ಥಾನಗಳ ನವರಂಗಕ್ಕೆ ಹೊದಿಸುವ ಕ್ರಮವನ್ನೇ ಹೊಳೆಗೂ ಹೊದಿಸಿದ್ದಾರೆ. ಕಲ್ಲಿನ ಗುಣ ನಮಗೆಲ್ಲ ಗೊತ್ತಿರುವುದೇ. ಒರಳುಕಲ್ಲು ಎಷ್ಟು ಪೆಟ್ಟನ್ನಾದರೂ ತಿನ್ನುತ್ತದೆ. ಅದೇ ಕಲ್ಲನ್ನು ಉದ್ದ ಚಪ್ಪಡಿ ಮಾಡಿ ಎರಡು ಕೊನೆಗಷ್ಟೇ ಆಸರೆ ಕೊಟ್ಟು ನಡುವೆ ಭಾರ ಹಾಕಿದರೆ ಪಟ್ಟೆಂದು ಮುರಿಯುತ್ತದೆ. ಒತ್ತಿದರೆ ತಾಳುತ್ತದೆ, ಬಗ್ಗಿಸಿದರೆ ತಾಳುವುದಿಲ್ಲ. ಅದಕ್ಕೇ ಕಂಬದಿಂದ ಕಂಬಕ್ಕೆ ಅಂತರ ಕಡಿಮೆ, ಅದಕ್ಕೇ ಅಷ್ಟೊಂದು ಕಂಬ. ಬೋದಿಗೆ ಇಟ್ಟದ್ದು ಚೆಂದಕ್ಕಲ್ಲ. ತೊಲೆಯ ಬರಿದಾದ ಉದ್ದವನ್ನು ಇನ್ನಷ್ಟು ಕಡಿಮೆ ಮಾಡಲಿಕ್ಕೆ. ಎತ್ತಿನ ಗಾಡಿಗೆಂದು ಕಟ್ಟಿದ ಈ ಸೇತುವೆ ಮೋಟಾರಿನ ಕಾಲವನ್ನೂ ಹೊತ್ತು ತೋರಿಸಿತು. ಕನ್ನಂಬಾಡಿ ಕಟ್ಟೆ ತುಂಬಿ ಲಕ್ಷ ಕ್ಯೂಸೆಕ್ ಮೀರಿ ನೀರು ಬಿಟ್ಟಾಗ ಪೊಲೀಸರು ಅಡ್ಡ ನಿಂತು ಜನರನ್ನು ತಡೆಯುತ್ತಾರೆ, ನೀರು ಇಳಿದ ಮೇಲೆ ನೋಡಿದರೆ ಸೇತುವೆ ಅಲ್ಲೇ ಇರುತ್ತದೆ.

ಪಕ್ಕದ ನಂಜನಗೂಡಿನ ಕಪಿಲೆಯ ಸೇತುವೆ ಇದಕ್ಕೂ ಹಿರಿಯದು. ದಳವಾಯಿ ದೇವರಾಜಯ್ಯ 1735ರಲ್ಲಿ ಕಟ್ಟಿಸಿದ್ದು. ಮುಂದೆ ಅದರ ಮೇಲೆಯೇ ಹಳಿ ಹಾಸಿ ರೈಲು ಓಡಿಸಿದರು. ಒಂದೇ ಸೇತುವೆಯ ಮೇಲೆ ರಸ್ತೆ, ರೈಲು ಎರಡೂ. ಹಳಿ ಎಂಬುದನ್ನೇ ಕಾಣದ ಕಾಲದ ದಳವಾಯಿ ಕಟ್ಟಿಸಿದ ಸೇತುವೆ ಮೀಟರ್ ಗೇಜ್ ಇರುವ ತನಕ ಮೈಸೂರಿನ ರೈಲನ್ನು ಶ್ರೀಕಂಠೇಶ್ವರನ ಊರಿಗೆ ಮುಟ್ಟಿಸಿತು.

ಹಾಗೆಂದು "ಹಿಂದಿನವರದು ಎಲ್ಲವೂ ಗಟ್ಟಿ, ಈಗಿನವರದು ಎಲ್ಲವೂ ಪೊಳ್ಳು" ಎಂಬ ಹಾಡು ಹಾಡಲು ನಾನು ಹೊರಟಿಲ್ಲ. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಒಂದು ಲಾರಿಯ ಸಮೇತ ಕುಸಿಯಿತು, ಚಾಲಕನನ್ನು ಜೀವಸಹಿತ ಎತ್ತಿದರು. 'ಹಳೆಯ' ಸೇತುವೆ ಎಂದರೆ ಎಷ್ಟು ಹಳೆಯದು? ನಾಲ್ಕು ದಶಕದ್ದು. ನನ್ನ ಅಡಿಗೆಮನೆಯ ಸ್ಟೀಲು ಡಬರಿಗೆ ಅದಕ್ಕಿಂತ ಹೆಚ್ಚು ವಯಸ್ಸಾಗಿದೆ! ಆದರೆ ನ್ಯಾಯವಾಗಿ ಹೇಳಬೇಕಾದರೆ, ಸಮುದ್ರದ ಉಪ್ಪುಗಾಳಿ ಕುಡಿದು, ಹಗಲೂ ರಾತ್ರಿ ಭಾರದ ಲಾರಿ ಹೊತ್ತ ಕಾಂಕ್ರೀಟನ್ನು ಕಾವೇರಿಯ ಸಿಹಿನೀರಿನಲ್ಲಿ ನಿಂತ ಕಲ್ಲಿನೊಂದಿಗೆ ತೂಗುವುದು ಸರಿಯಲ್ಲ. ಕಲ್ಲಿನದೂ ಬೀಳುತ್ತದೆ. ಶಿವನಸಮುದ್ರದ ಹತ್ತಿರ ಕಾವೇರಿಗೆ ರಾಮಸ್ವಾಮಿ ಮೊದಲಿಯಾರ್ ಎಂಬ ಪುಣ್ಯಾತ್ಮರು 19ನೆಯ ಶತಮಾನದ ಮೊದಲ ಭಾಗದಲ್ಲಿ ಕಟ್ಟಿಸಿದ ಸೇತುವೆಗಳಲ್ಲಿ ಒಂದು, ಜನ ವೆಸ್ಲಿ ಸೇತುವೆ ಎನ್ನುವುದು, 2018ರ ಆಗಸ್ಟ್ ಪ್ರವಾಹದಲ್ಲಿ ನಡುವೆ ಕೊಚ್ಚಿಹೋಯಿತು. ಅದೂ ಇದೇ ಕಂಬ, ಇದೇ ತೊಲೆಯ ಜಾತಿಯದು. ಪತ್ರಿಕೆಗಳಲ್ಲಿ ಚಿತ್ರ ಬಂತು, ಎಲ್ಲರೂ "ಅಯ್ಯೋ" ಅಂದರು. ಎರಡು ದಿನದ ಅಯ್ಯೋ.

ಇಲ್ಲಿಂದ ನನ್ನ ಜಗಳ ಶುರು. ಪ್ರವಾಹ ಬಂತು, ಬಿತ್ತು, ಏನು ಮಾಡಲಾದೀತು, ಎಂದು ಕೈತೊಳೆದುಕೊಳ್ಳುತ್ತಾರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಇಂಥ ಸೇತುವೆಗಳು ಬೀಳುವುದು ಒಂದು ದಿನದಲ್ಲಲ್ಲ. ಕಲ್ಲಿನ ಸಂದಿಯಲ್ಲಿ ಹಕ್ಕಿ ಹಾಕಿದ ಅರಳಿ ಬೀಜ ಮೊಳೆಯುತ್ತದೆ. ಬೆರಳಿನಷ್ಟಿದ್ದಾಗ ಕಿತ್ತರೆ ಬರುತ್ತದೆ; ತೋಳಿನಷ್ಟಾದ ಮೇಲೆ ಕಿತ್ತರೆ ಕಲ್ಲೂ ಜೊತೆಗೆ ಬರುತ್ತದೆ. ನದಿಯ ಮರಳು ತೋಡಿದಷ್ಟೂ ತಳ ಕೆಳಗಿಳಿಯುತ್ತದೆ, ನೆಲದೊಳಗಿರಬೇಕಾದ ಕಂಬದ ಬುಡ ಬಯಲಾಗುತ್ತದೆ. ನೀರು ಕಂಬಕ್ಕೆ ಡಿಕ್ಕಿ ಹೊಡೆದು ಸುಳಿಯಾಗಿ ಬುಡವನ್ನೇ ಕೆರೆಯುತ್ತದೆ. ಒತ್ತೊತ್ತಾದ ಕಂಬಗಳ ನಡುವೆ ಮರದ ದಿಮ್ಮಿ, ಅಂತರಗಂಗೆ, ಪ್ಲಾಸ್ಟಿಕ್ಕು, ಹಳೆಯ ಸೀರೆ ಪಂಚೆ ಸಿಕ್ಕಿಕೊಂಡು ಕಂಡಿ ಮುಚ್ಚಿ, ಸೇತುವೆ ಹೋಗಿ ಅಣೆಕಟ್ಟೆಯಾಗಿಬಿಡುತ್ತದೆ. ಪೂರ್ಣಯ್ಯನವರಾಗಲಿ ಮೊದಲಿಯಾರರಾಗಲಿ ಕಟ್ಟಿದ್ದು ನೀರು ಹಾಯುವ ಸೇತುವೆಯನ್ನು; ನೀರು ತಡೆಯುವ ಗೋಡೆಯನ್ನಲ್ಲ. ಸೀರೆ ಪಂಚೆಯ ಮಾತು ಬಂದದ್ದರಿಂದ ಹೇಳುತ್ತೇನೆ: ಕರ್ಮ ಮುಗಿಸಿ ಉಟ್ಟ ಬಟ್ಟೆಯನ್ನು ಹೊಳೆಗೆ ಬಿಟ್ಟು ಹಿಂತಿರುಗಿ ನೋಡದೆ ಬರಬೇಕು ಎನ್ನುತ್ತಾರೆ ನಮ್ಮವರು. ಹಿಂತಿರುಗಿ ನೋಡಿದರೆ ಅದು ಯಾವ ಕಂಬಕ್ಕೆ ಸುತ್ತಿಕೊಂಡಿದೆ ಎಂದು ಕಾಣುತ್ತಿತ್ತು.

ಸಸಿ ಕೀಳುವುದು, ಕಸ ಬಿಡಿಸುವುದು, ಬುಡ ನೋಡುವುದು. ಇವೆಲ್ಲ ಯಾವ ಬಗೆಯ ಕೆಲಸ ಎಂದು ನಿಮಗೆ ಬೇರೆ ಹೇಳಬೇಕಾಗಿಲ್ಲ. ಮಾಡಿದರೆ ಕಾಣುವುದಿಲ್ಲ, ಮಾಡದಿದ್ದರೆ ಎದ್ದು ಕಾಣುತ್ತದೆ. ನಾವು ಹುಟ್ಟಿದಾಗಿನಿಂದ ಮಾಡಿಕೊಂಡು ಬಂದಿರುವ ಕೆಲಸ. ಮನೆಗೆ ಹೊಸ ಫ್ರಿಜ್ಜು ಬಂದರೆ ಊರೆಲ್ಲ ಬಂದು ನೋಡುತ್ತಾರೆ. ಅಜ್ಜಿಯ ಕಾಲದ ಹಿತ್ತಾಳೆ ಪಾತ್ರೆಗೆ ಕಾಲಕಾಲಕ್ಕೆ ಕಲಾಯಿ ಹಾಕಿಸಿ ಅದರಲ್ಲಿ ಹುಳಿ ಕಿಲುಬದಂತೆ ನೋಡಿಕೊಂಡವಳನ್ನು ಯಾರು ಕೇಳಿದ್ದಾರೆ? ಸರ್ಕಾರವೂ ಈ ಮನೆಯ ಯಜಮಾನರ ಹಾಗೇ. ಹೊಸ ಸೇತುವೆಗೆ ಶಂಕುಸ್ಥಾಪನೆಯಿದೆ, ಉದ್ಘಾಟನೆಯಿದೆ, ಎರಡಕ್ಕೂ ಕಲ್ಲು ನೆಡಬಹುದು. ಅರಳಿ ಸಸಿ ಕಿತ್ತದ್ದಕ್ಕೆ ಯಾವ ಮಂತ್ರಿ ಬಂದು ಟೇಪು ಕತ್ತರಿಸುತ್ತಾರೆ? ಹಾಗಾಗಿ ಹಣ ಸೇತುವೆ ಕಟ್ಟಲು ಸಿಗುತ್ತದೆ, ಕಾಯಲು ಸಿಗುವುದಿಲ್ಲ. ಕಾಯದೆ ಬಿದ್ದಾಗ ಮತ್ತೆ ಕಟ್ಟಲು ಸಿಗುತ್ತದೆ!

ಇನ್ನು ಇನ್ನೊಂದು ಪಂಗಡದವರು. ಇವರಿಗೆ ಹಳೆಯದರ ಮೇಲೆ ಬಹಳ ಪ್ರೀತಿ. ಪ್ರೀತಿಯ ಲಕ್ಷಣ ಎಂದರೆ ಬಣ್ಣ ಬಳಿಯುವುದು, ಬಣ್ಣದ ದೀಪ ಹಾಕುವುದು, ನಡುವೆ ಫೋಟೋ ತೆಗೆಸಿಕೊಳ್ಳಲು ಒಂದು ಕಟ್ಟೆ ಕಟ್ಟುವುದು. ಒಡೆದ ಕಡೆ ಸಿಮೆಂಟು ಮೆತ್ತುವುದು. ಸುಣ್ಣದ ಗಾರೆ ಉಸಿರಾಡುತ್ತದೆ, ಒಳಗಿನ ತೇವ ಹೊರಗೆ ಬಿಡುತ್ತದೆ, ಕಲ್ಲು ಒಂದಿಷ್ಟು ಅಲುಗಿದರೆ ತಾನೂ ಅಲುಗುತ್ತದೆ. ಸಿಮೆಂಟು ಹಾಗಲ್ಲ. ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ತೇವವನ್ನು ಒಳಗೇ ಕೂಡಿಹಾಕುತ್ತದೆ, ಕೊನೆಗೆ ಕಲ್ಲಿನ ಅಂಚನ್ನೇ ಎಬ್ಬಿಸಿಕೊಂಡು ಉದುರುತ್ತದೆ. ನಂಜನಗೂಡಿನಂಥ ಗಾರೆಗೆಲಸದ ಸೇತುವೆಗೆ ಇದಕ್ಕಿಂತ ದೊಡ್ಡ ಅಪಕಾರವಿಲ್ಲ. ಸುಣ್ಣದ ಕೆಲಸ ನಮ್ಮ ಸೀಮೆಗೆ ಹೊಸದೇ? 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆಯನ್ನು ಸುಣ್ಣ, ಇಟ್ಟಿಗೆಪುಡಿ ಬೆರೆಸಿದ ಸುರ್ಕಿ ಗಾರೆಯಲ್ಲೇ ಎತ್ತಿದ್ದಲ್ಲವೆ? ಇವತ್ತಿಗೂ ಅದು ಹೊತ್ತ ನೀರಿನಿಂದ ನಮ್ಮ ಅನ್ನ ಬೇಯುತ್ತಿದೆ.

ಬಣ್ಣ ಬಳಿಯುವ ಪ್ರೀತಿ ಎಲ್ಲಿಗೆ ಮುಟ್ಟಿಸುತ್ತದೆ ಎಂದು ತಿಳಿಯಬೇಕಾದರೆ ಗುಜರಾತಿನ ಮೋರ್ಬಿಗೆ ಹೋಗಬೇಕು. ಮಚ್ಛೂ ನದಿಯ ಮೇಲೆ ರಾಜರ ಕಾಲದ ತೂಗುಸೇತುವೆ, 19ನೆಯ ಶತಮಾನದ್ದು, ಊರಿನ ಹೆಮ್ಮೆ. ಅದರ ನಿರ್ವಹಣೆಯನ್ನು ವಹಿಸಿಕೊಟ್ಟದ್ದು ಗಡಿಯಾರ ತಯಾರಿಸುವ ಒಂದು ಕಂಪನಿಗೆ. ತಿಂಗಳುಗಟ್ಟಲೆ ಮುಚ್ಚಿ, ದುರಸ್ತಿ ಎಂದು ಹೇಳಿ, 2022ರ ಅಕ್ಟೋಬರ್ 26ರಂದು ಅಲ್ಲಿನ ಹೊಸ ವರ್ಷದ ದಿನ ತೆರೆದರು. ನಾಲ್ಕು ದಿನ ಕಳೆದು, 30ರ ಭಾನುವಾರ ಸಂಜೆ, ರಜೆಯ ಗುಂಪು ಸೇತುವೆಯ ಮೇಲಿದ್ದಾಗ ಹಗ್ಗ ಹರಿಯಿತು. 135 ಜನ ಹೋದರು. ಮಕ್ಕಳನ್ನು ಕರೆದುಕೊಂಡು ಹಬ್ಬದ ಸೀರೆ ಉಟ್ಟು ಬಂದ ತಾಯಂದಿರು ಎಷ್ಟೋ. ತನಿಖೆ ಮಾಡಿದವರು ಕಂಡದ್ದೇನು? ಒಂದು ಮುಖ್ಯ ಹಗ್ಗದ 49 ತಂತಿಗಳಲ್ಲಿ 22 ಮೊದಲೇ ತುಕ್ಕು ತಿಂದಿದ್ದವು. ನಡೆಯುವ ಹಾಸಿನ ಮರದ ಹಲಗೆ ತೆಗೆದು ಹೊಳೆಯುವ ಅಲ್ಯೂಮಿನಿಯಂ ಹಾಕಿದ್ದರು, ಅದರಿಂದ ಸೇತುವೆಯ ಭಾರವೂ ಹೆಚ್ಚಿತು. ಕಣ್ಣಿಗೆ ಕಾಣುವ ಕಡೆ ಹೊಸದು; ಜೀವ ಹಿಡಿದ ಹಗ್ಗ ಹಳೆಯದೇ.

ಮೋರ್ಬಿಯನ್ನು ತೋರಿಸಿ "ನೋಡಿ, ಹಳೆಯ ಸೇತುವೆ ಇಟ್ಟುಕೊಂಡರೆ ಹೀಗೇ, ಕೆಡವಿಬಿಡಿ" ಎನ್ನುವವರೂ ಇದ್ದಾರೆ. ನಮ್ಮ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡ 2012ರ ಆಗಸ್ಟಿನಲ್ಲಿ ಕುಸಿದು ನಾಲ್ವರು ಸತ್ತಾಗಲೂ, 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿದ್ದಾಗಲೂ ಇದೇ ಮಾತು ಬಂತು. ಉಳಿಸಬೇಕೆ ಕೆಡವಬೇಕೆ ಎಂದು ವರ್ಷಗಟ್ಟಲೆ ವಾದ ನಡೆಯಿತು. ಆ ವರ್ಷಗಳಲ್ಲಿ ಮಳೆಯೂ ಸುಮ್ಮನಿರಲಿಲ್ಲ. ಮೊದಲು ನೋಡಿಕೊಳ್ಳುವುದಿಲ್ಲ. ಆಮೇಲೆ ಅಪಾಯ ಎನ್ನುತ್ತಾರೆ. ಅಪಾಯ ಎಂದ ಮೇಲೆ ಕೆಡವಲು ಯಾರ ಅಪ್ಪಣೆಯೂ ಬೇಡ. ಅತ್ತೆಯನ್ನು ಊಟ ಹಾಕದೆ ಮಲಗಿಸಿ, "ಎದ್ದು ಓಡಾಡುವುದಿಲ್ಲ, ಇದ್ದೇನು ಪ್ರಯೋಜನ" ಎಂದರೆ ನಾವು ಒಪ್ಪುತ್ತೇವೆಯೆ?

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು" ಎಂಬ ಗಾದೆಯನ್ನೂ ನನ್ನ ಮೇಲೆ ಎಸೆದಿದ್ದಾರೆ. ಆಸ್ಪತ್ರೆಯಲ್ಲಿ ಔಷಧಿಯಿಲ್ಲದಾಗ, ಶಾಲೆಯ ಮಾಡು ಸೋರುವಾಗ ಹಳೆಯ ಕಲ್ಲಿಗೇಕೆ ದುಡ್ಡು ಎಂದು. ಪ್ರಶ್ನೆ ಸುಳ್ಳಲ್ಲ. ಆದರೆ ಹಳೆಯ ಸೇತುವೆ ಯಾರ ಜುಟ್ಟಿನ ಹೂವು? ಹೆದ್ದಾರಿಯ ಹೊಸ ಸೇತುವೆಯ ಮೇಲೆ ನಡೆದು ನೋಡಿ. ಒಂದು ಪಕ್ಕ ಗಾಳಿ ಎಬ್ಬಿಸಿಕೊಂಡು ಹೋಗುವ ಲಾರಿ, ಇನ್ನೊಂದು ಪಕ್ಕ ಕೆಳಗೆ ನದಿ. ಶಾಲೆಗೆ ಹೋಗುವ ಹುಡುಗಿ, ತಲೆಯ ಮೇಲೆ ಹುಲ್ಲಿನ ಹೊರೆ ಇಟ್ಟವಳು, ಕರು ಹಿಡಿದುಕೊಂಡವಳು, ಸಂಜೆಗತ್ತಲಲ್ಲಿ ಕೆಲಸ ಮುಗಿಸಿ ಮರಳುವವಳು, ಇವರಿಗೆಲ್ಲ ಹಳೆಯ ಸೇತುವೆಯೇ ದಾರಿ. ಸುಳ್ಯದ ಕಡೆ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ನಡೆಯುವವರಿಗೆಂದೇ ತೂಗುಸೇತುವೆ ಕಟ್ಟಿದರು. ಆಮೇಲೆ ನೂರಕ್ಕೂ ಮೀರಿ ಕಟ್ಟಿದರು, 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಮಳೆಗಾಲದಲ್ಲಿ ಹೊಳೆಯಾಚೆ ಸಿಕ್ಕಿಬೀಳುತ್ತಿದ್ದ ಊರುಗಳಿಗೆ ಅದೇ ಬದುಕಾಯಿತು. ನಡೆಯುವವರ ಸೇತುವೆ ಕಟ್ಟಿದವರನ್ನು ಒಂದು ಕಡೆ ಸನ್ಮಾನಿಸುತ್ತೇವೆ, ಇನ್ನೊಂದು ಕಡೆ 200 ವರ್ಷದಿಂದ ಕಟ್ಟಿಯೇ ಇರುವ ನಡೆಯುವವರ ಸೇತುವೆಯನ್ನು ಬೀಳಲು ಬಿಡುತ್ತೇವೆ. ಇದು ಯಾವ ಲೆಕ್ಕ?

ಪರದೇಶದವರದು ಎಲ್ಲವೂ ಮೇಲು ಎನ್ನುವವಳು ನಾನಲ್ಲ. ಆದರೂ ಇಂಗ್ಲೆಂಡಿನ ನ್ಯೂಕ್ಯಾಸಲ್ ಊರಿನ ಒಂದು ಸಂಗತಿ ಹೇಳಬೇಕು. ಅಲ್ಲಿ ಟೈನ್ ನದಿಯ ಮೇಲೆ 1876ರಲ್ಲಿ ತೆರೆದ ಒಂದು ತಿರುಗುವ ಸೇತುವೆಯಿದೆ. ಹಡಗು ಬಂದಾಗ ನಡುವಿನ ಭಾಗ ಬಾಗಿಲಿನಂತೆ ಗಿರ್ರನೆ ತಿರುಗಿ ದಾರಿ ಬಿಡುತ್ತದೆ, ನೀರಿನ ಒತ್ತಡದ ಯಂತ್ರದಿಂದ. ಕಟ್ಟಿಸಿದವನು ಆರ್ಮ್‌ಸ್ಟ್ರಾಂಗ್ ಎಂಬ ಕಾರ್ಖಾನೆಯ ಒಡೆಯ. ಅವನ ಉದ್ದೇಶವೇನೂ ಪುಣ್ಯವಲ್ಲ, ತನ್ನ ಕಾರ್ಖಾನೆಗೆ ಹಡಗು ಬರಬೇಕಿತ್ತು. ಈಗ ದೊಡ್ಡ ಹಡಗುಗಳ ಕಾಲ ಅಲ್ಲಿ ಮುಗಿದಿದೆ. 2019ರ ನಂತರ ಅದು ತಿರುಗದೆ ನಿಂತಾಗ ಊರವರು ಏನು ಕೇಳಿದರು ಗೊತ್ತೆ? ಬಣ್ಣ ಬಳಿಯಿರಿ ಎಂದಲ್ಲ, ತಿರುಗಿಸಿ ಎಂದು. ತಿರುಗದಿದ್ದರೆ ಅದು ತಿರುಗುವ ಸೇತುವೆ ಹೇಗಾದೀತು ಎಂದು. ಉಳಿಸುವುದೆಂದರೆ ಆ ವಸ್ತು ತನ್ನ ಕೆಲಸ ಮಾಡುವಂತೆ ಉಳಿಸುವುದು ಎಂಬ ತಿಳಿವಳಿಕೆ ಅಷ್ಟು ಜನರಲ್ಲಿದೆಯಲ್ಲ, ಅದನ್ನು ನಾನು ಮೆಚ್ಚುತ್ತೇನೆ. ನಮ್ಮ ಪಾಂಬನ್ ರೈಲು ಸೇತುವೆಯೂ 1914ರಿಂದ ಹಡಗಿಗೆ ಬಾಯಿ ತೆರೆಯುತ್ತ ಬಂತು. 2022ರ ಡಿಸೆಂಬರಿನಲ್ಲಿ ಅದರ ಮೇಲೆ ರೈಲು ನಿಂತಿತು, 2025ರಲ್ಲಿ ಪಕ್ಕದ ಹೊಸದನ್ನು ತೆರೆದರು. ಉಪ್ಪುನೀರಿನ ಕಬ್ಬಿಣಕ್ಕೆ ಒಂದು ಆಯುಷ್ಯವಿದೆ, ಅಲ್ಲಿ ನನ್ನ ತಕರಾರಿಲ್ಲ. ನಮ್ಮ ಹೊಳೆಗಳ ಕಣಶಿಲೆಗೆ ಆ ನೆಪ ಹೇಳಬೇಡಿ.

ಹಾಗಾದರೆ ನಾನು ಕೇಳುವುದೇನು? ಕೋಟಿಗಳ ಯೋಜನೆಯಲ್ಲ. ಹಳೆಯ ಕಲ್ಲು ಸೇತುವೆಯ ಎರಡೂ ಕೊನೆಗೆ ಕಲ್ಲು ನೆಟ್ಟು ಲಾರಿ, ಟ್ರ್ಯಾಕ್ಟರು ಹೋಗದಂತೆ ಮಾಡಲಿ. ನಡೆಯುವವರು, ಸೈಕಲ್ಲು, ದನಕರು ಹೋಗಲಿ. ಅಲ್ಲೊಂದು ಇಲ್ಲೊಂದು ದೀಪ ಹಾಕಲಿ, ಬಣ್ಣದ್ದಲ್ಲ, ಮುಂದಿನವರ ಮುಖ ಕಾಣುವಂಥದು. ಬೇಸಿಗೆಯಲ್ಲಿ ನೀರು ಇಳಿದಾಗ ಕಂಬದ ಬುಡಗಳನ್ನು ತಿಳಿದವರು ಬಂದು ನೋಡಿ, ಕಂಡದ್ದನ್ನು ಕನ್ನಡದಲ್ಲಿ ಬರೆದು ಸೇತುವೆಯ ತುದಿಯಲ್ಲೇ ಅಂಟಿಸಲಿ. ಯಾವ ಕಂಬ ಅಲುಗಿದೆ, ಯಾವುದಕ್ಕೆ ಏನು ಮಾಡಿದೆವು ಎಂದು. ಮೇಲೆ ಕೆಳಗೆ ಒಂದಿಷ್ಟು ದೂರ ಮರಳಿಗೆ ಕೈ ಹಾಕದಂತೆ ಕಾಯಲಿ. ಸ್ಮಾರಕಗಳನ್ನು ಕಾಪಾಡಲು 1961ರಷ್ಟು ಹಿಂದೆಯೇ ರಾಜ್ಯ ಕಾಯಿದೆ ಮಾಡಿದೆ, ಪುರಾತತ್ವ ಇಲಾಖೆಯ ಕಚೇರಿ ಮೈಸೂರಿನಲ್ಲೇ ಇದೆ. ಗಾರೆ ಕೆಲಸ ಬಲ್ಲ ಮುದುಕರು ನಮ್ಮ ಹಳ್ಳಿಗಳಲ್ಲಿ ಇನ್ನೂ ಅಷ್ಟಿಷ್ಟು ಉಳಿದಿದ್ದಾರೆ. ಅವರ ಕೈಕೆಳಗೆ ನಾಲ್ಕು ಹುಡುಗರನ್ನು, ಹುಡುಗಿಯರನ್ನೂ, ಕಲಿಯಲು ಬಿಡಲಿ.

ನಮ್ಮ ಕಡೆಯ ಒಂದು ಸಭೆಯಲ್ಲಿ ಇದನ್ನೇ ಹೇಳಿದೆ. ವೇದಿಕೆಯ ಮೇಲಿದ್ದವರೊಬ್ಬರು ನಕ್ಕು, "ಅಮ್ಮಾವ್ರೇ, ನೀವು ಹೇಳುವುದಕ್ಕೆಲ್ಲ ಅನುದಾನದಲ್ಲಿ ತಲೆಬರಹವೇ ಇಲ್ಲವಲ್ಲ" ಎಂದರು. ದೀಪಾಲಂಕಾರಕ್ಕೆ ತಲೆಬರಹವಿದೆ, ಸ್ವಾಗತ ಕಮಾನಿಗಿದೆ, ಕುಡುಗೋಲು ಹಿಡಿದ ಇಬ್ಬರು ಆಳುಗಳ ನಾಲ್ಕು ದಿನದ ಕೂಲಿಗೆ ಇಲ್ಲ. ಆ ಕೂಲಿ ಎಷ್ಟಾದೀತು ಎಂದು ಅಲ್ಲೇ ಕೂಡಿಸಿ ಹೇಳಿದೆ; ಆ ದಿನದ ಶಾಲು ಹಾರಗಳಿಗೆ ಆದ ಖರ್ಚಿಗಿಂತ ಹೆಚ್ಚೇನಿರಲಿಲ್ಲ. ಹಿಂದಿನ ಸಾಲಿನಲ್ಲಿ ಕೂತಿದ್ದ ಹೆಂಗಸರು ಚಪ್ಪಾಳೆ ತಟ್ಟಿದರು. ಸಭೆಯ ವರದಿಯಲ್ಲಿ ಆ ಮಾತು ಬರಲಿಲ್ಲ. ಹಾಗಾಗಿ ಇಲ್ಲಿ ಬರೆದಿದ್ದೇನೆ. ಈ ಬೇಸಿಗೆಯಲ್ಲಿ ನಿಮ್ಮ ಊರಿನ ಹಳೆಯ ಸೇತುವೆಯ ಮೇಲೆ ಹೋಗುವಾಗ ಕಟಾಂಜನದ ಆಚೆ ಒಮ್ಮೆ ಬಗ್ಗಿ ನೋಡಿ. ಸಂದಿಯಲ್ಲಿ ಅರಳಿಯ ಎಲೆ ಅಲ್ಲಾಡುತ್ತಿದ್ದರೆ, ಅದು ಇನ್ನೂ ಬೆರಳಿನಷ್ಟಿದೆಯೋ ತೋಳಿನಷ್ಟಾಗಿದೆಯೋ ಗುರುತು ಮಾಡಿಕೊಂಡು, ನಾಲ್ಕು ಜನ ಸೇರಿ ಪುರಸಭೆಗೋ ಪಂಚಾಯಿತಿಗೋ ಒಂದು ಅರ್ಜಿ ಕೊಡಿ. ಕೊಟ್ಟದ್ದಕ್ಕೆ ರಸೀತಿ ಬರೆಸಿಕೊಳ್ಳುವುದನ್ನು ಮರೆಯಬೇಡಿ.